ಜಗಲಿಗೊಂದು ಕಾಶಿ ಪೋಸ್ಟರ್: ಮನೆಯ ಗುಂಪಿನಲ್ಲಿ ನಡೆದ ಮಾತು

ಸಾಗರದ ಮಾಣಿ: (ಚಿತ್ರ) ಹಳೇ ರೈಲ್ವೆ ಪೋಸ್ಟರ್, 1930ರ ದಶಕದ್ದು. ಹೋಂಸ್ಟೇ ಜಗಲಿಗೆ ದೊಡ್ಡದಾಗಿ ಪ್ರಿಂಟ್ ಹಾಕಿಸ್ತಿದ್ದೇನೆ. ಹಿಂದಿರೋ ಎರಡು ಮಿನಾರು ಅಳಿಸಿ, ಬೆನಾರಸ್ ಅನ್ನೋ ಕಡೆ ಕಾಶಿ ಅಂತ ಬರೆಸ್ತೇನೆ. ಆಗಬಹುದಾ?

ಅತ್ತೆ: ಬಣ್ಣ ಎಷ್ಟು ಚಂದ ಇದೆ!

ದೊಡ್ಡಪ್ಪ: ಮಿನಾರು ಮುಟ್ಟಬೇಡ.

ಮಾಣಿ: ಯಾಕೆ ದೊಡ್ಡಪ್ಪ? ಬಿಂದುಮಾಧವನ ಗುಡಿ ಕೆಡವಿ ಔರಂಗಜೇಬ ಕಟ್ಟಿಸಿದ ಮಸೀದಿಯದ್ದಲ್ವಾ ಅದು?

ದೊಡ್ಡಪ್ಪ: ಕೆಡವಿದ್ದು ನಿಜ, ಅದನ್ನು ಮುಚ್ಚಿಡು ಅಂತ ನಾನು ಹೇಳೋದಿಲ್ಲ. ಬಿಂದುಮಾಧವ ಈಗ ಅದೇ ಪಂಚಗಂಗಾ ಘಾಟಿನಲ್ಲಿ ಸಣ್ಣ ಗುಡಿಯಲ್ಲಿದ್ದಾನೆ. ಆದರೆ ಕಾಶಿಯ ಜನ ಆ ಮಿನಾರುಗಳನ್ನೂ ಮಾಧವನ ಹೆಸರಲ್ಲೇ ಕರೀತಿದ್ದರು. 1948ರಲ್ಲಿ ಒಂದು ಬಿತ್ತು, ಉಳಿದದ್ದನ್ನು ಅಪಾಯ ಅಂತ ಇಳಿಸಿದರು. ಈಗ ಹೋದರೆ ಮಸೀದಿ ಕಾಣುತ್ತೆ, ಆ ಎತ್ತರದ ಜೋಡಿ ಕಾಣೋದಿಲ್ಲ. ಈ ಚಿತ್ರ ಯಾವ ಕಾಲದ್ದು ಅನ್ನೋದಕ್ಕೆ ಅದೇ ಸಾಕ್ಷಿ.

ನನ್ನ ಅಮ್ಮ, ಅಂದರೆ ನಿನ್ನ ಅಜ್ಜಿ, ಕಾಶಿಗೆ ಹೋಗಿದ್ದು 1946ರಲ್ಲಿ, ತಾಳಗುಪ್ಪದಲ್ಲಿ ರೈಲು ಹತ್ತಿ, ಬೀರೂರಿನಲ್ಲಿ ಬದಲಿಸಿ. ಪಂಚತೀರ್ಥ ಸ್ನಾನಕ್ಕೆ ಅಸಿಯಿಂದ ವರುಣಾ ಸಂಗಮದವರೆಗೆ ದೋಣಿಯಲ್ಲಿ ಹೋಗುವಾಗ ದೂರದಿಂದಲೇ ಎರಡು ಕಂಬ ಕಾಣ್ತಿತ್ತು, ಅದನ್ನು ನೋಡಿಯೇ ಪಂಚಗಂಗಾ ಬಂತು ಅಂತ ತಿಳೀತಿತ್ತು ಅಂತ ಎಷ್ಟು ಸಲ ಹೇಳಿದ್ದಳು! ಅವಳು ತಂದ ಗಂಗೆ ತಂಬಿಗೆ ಇನ್ನೂ ದೇವರ ಕೋಣೆಯಲ್ಲಿದೆ. ನೀನು ಅಳಿಸಿದರೆ ಅದು ಅಮ್ಮ ಕಂಡ ಕಾಶಿ ಅಲ್ಲ.

ಬೆಂಗಳೂರು ಅಕ್ಕ: ದೊಡ್ಡಪ್ಪ, ಆ ಪೋಸ್ಟರ್ ಮಾಡಿಸಿದ್ದೇ ಹೊರದೇಶದವರಿಗೆ ಟಿಕೆಟ್ ಮಾರೋಕೆ. ಪಿಂಡ, ತರ್ಪಣ, ಮಣಿಕರ್ಣಿಕೆಯ ಚಿತೆಯ ಹೊಗೆ, ಯಾವುದಾದರೂ ಅದರಲ್ಲಿ ಇದೆಯಾ? ನಮ್ಮ ಜಗಲಿಗೆ ಅದೇ ಯಾಕೆ ಬೇಕು?

ದೊಡ್ಡಪ್ಪ: ಮಾರೋಕೆ ಬರೆಸಿದ್ದೇ, ಒಪ್ಪಿದೆ. ನಮ್ಮವರಿಗೆ ಪೋಸ್ಟರ್ ಬೇಕಿರಲಿಲ್ಲ ಮಗಳೇ, ಸಾಲ ಮಾಡಿಯಾದರೂ ಹೋಗ್ತಿದ್ದರು. ಆದರೆ ಅಮ್ಮನ ಹತ್ತಿರ ಕ್ಯಾಮೆರಾ ಇರಲಿಲ್ಲ. ಅವಳು ನೋಡಿದ ದಂಡೆ ಬಣ್ಣದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಇವತ್ತೇ. ಬೆಳಗಿನಿಂದ ನಾಲ್ಕು ಸಲ ತೆಗೆದು ನೋಡಿದೆ.

ಅಕ್ಕ: ಹಾಗಾದರೆ ಪಕ್ಕದಲ್ಲಿ ಅಜ್ಜಿಯ ಫೋಟೋನೂ ಇರಲಿ. ನಮ್ಮ ಕಾಶಿ ಅವಳ ಕಾಶಿ.

ಮಾಣಿ: ಪ್ರಿಂಟಿನವರಿಗೆ ಫೋನ್ ಮಾಡಿ ನಿಲ್ಲಿಸಿದೆ. ಮಿನಾರು ಇರುತ್ತೆ. ಹೆಸರು?

ದೊಡ್ಡಪ್ಪ: ಬೆನಾರಸ್ ಅಂತಲೇ ಬಿಡು, ಆಗ ಬರೀತಿದ್ದದ್ದು ಹಾಗೆ. ಸರ್ಕಾರಿ ಲೆಕ್ಕದಲ್ಲಿ ವಾರಾಣಸಿ ಆದದ್ದು 1956ರಲ್ಲಿ. ಕಾಶಿ ಅಂತ ಬೇಕಿದ್ದರೆ ಚೌಕಟ್ಟಿನ ಕೆಳಗೆ ಬೇರೆ ಪಟ್ಟಿ ಹೊಡೆಸು.

ಅತ್ತೆ: ಗೋಡೆಗೆ ತಾಗಿಸಿ ತೂಗಬೇಡ ಮಾಣಿ, ಆಷಾಢದಲ್ಲಿ ಬೂಷ್ಟು ಹಿಡಿಯುತ್ತೆ. ಹಿಂದೆ ಎರಡು ರೀಪು ಕೊಟ್ಟು ಗಾಳಿ ಆಡೋ ಹಾಗೆ ಮಾಡು.