ಮಗಳಿಗೆ ನಮ್ಮ ದೇಶದ ಫುಟ್‌ಬಾಲ್ ಲೀಗ್ ಅರ್ಥ ಮಾಡಿಸುವುದು ಹೇಗೆ? ನೋಡಿದವರ ಅನುಭವ

ಕೇಳಿದವರು, ದಾವಣಗೆರೆಯಿಂದ

ಮಗಳಿಗೆ 12 ವರ್ಷ. ಶಾಲೆಯಲ್ಲಿ ಫುಟ್‌ಬಾಲ್ ಆಡುತ್ತಾಳೆ. ಇಂಗ್ಲೆಂಡ್, ಸ್ಪೇನ್ ಕ್ಲಬ್‌ಗಳ ಹೆಸರೆಲ್ಲ ಬಾಯಿಪಾಠ. ಮೊನ್ನೆ, "ಅಪ್ಪಾ, ನಮ್ಮ ದೇಶದ ದೊಡ್ಡ ಲೀಗ್ ಯಾವುದು? ಅದರಲ್ಲಿ ಗೆದ್ದವರು ಯಾರು ಅಂತ ಹೇಗೆ ಹೇಳ್ತಾರೆ?" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಐ-ಲೀಗ್ ಅಂತಾರೆ, ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಅಂತಾರೆ, ಶೀಲ್ಡ್ ಬೇರೆ, ಕಪ್ ಬೇರೆ ಅಂತಾರೆ. ಎಲ್ಲಿಂದ ಶುರು ಮಾಡಲಿ? ಮಕ್ಕಳ ಜೊತೆ ಕೂತು ನೋಡಿದವರು ಇದ್ದರೆ ದಯವಿಟ್ಟು ಹೇಳಿ.

ಬೆಂಗಳೂರಿನಿಂದ

ನಾವು ಶುರು ಮಾಡಿದ್ದು ಒಂದು ಸೋಲಿನಿಂದ. 2018ರ ಮಾರ್ಚ್ 17, ಕಂಠೀರವ ಕ್ರೀಡಾಂಗಣ, ಐಎಸ್‌ಎಲ್ ಫೈನಲ್. ಮಗನಿಗೆ ಆಗ 11. ಬೆಂಗಳೂರು ಎಫ್‌ಸಿ ಐಎಸ್‌ಎಲ್‌ಗೆ ಕಾಲಿಟ್ಟ ಮೊದಲ ವರ್ಷ ಅದು. 18 ಲೀಗ್ ಪಂದ್ಯ ಮುಗಿದಾಗ ನಮಗೆ 40 ಅಂಕ, ಎರಡನೇ ಸ್ಥಾನದ ಚೆನ್ನೈಯಿನ್ ಎಫ್‌ಸಿಗೆ 32. ಫೈನಲ್‌ನಲ್ಲಿ ಎದುರಿಗೆ ನಿಂತದ್ದು ಅದೇ ಚೆನ್ನೈಯಿನ್. ಒಂಬತ್ತನೇ ನಿಮಿಷಕ್ಕೇ ನಮ್ಮ ಸುನಿಲ್ ಚೆಟ್ರಿ ಗೋಲು. ಪಕ್ಕದವರ ಹೆಸರೂ ಗೊತ್ತಿಲ್ಲ, ತಬ್ಬಿಕೊಂಡು ಕುಣಿದೆವು. ಆಮೇಲೆ ಅವರ ಮೈಲ್ಸನ್ ಆಲ್ವೆಸ್ ಎಂಬ ಡಿಫೆಂಡರ್ ತಲೆಯಿಂದಲೇ (ಹೆಡರ್) ಎರಡು ಗೋಲು ಹೊಡೆದ. 3–2ರಲ್ಲಿ ಸೋತೆವು.

ಮನೆಗೆ ಬರುವ ದಾರಿಯಲ್ಲಿ ಮಗ ಅಳುತ್ತಾ ಕೇಳಿದ: "ಇಡೀ ವರ್ಷ ಫಸ್ಟ್ ಇದ್ದದ್ದು ನಾವಲ್ವಾ?"

ನಿಮ್ಮ ಮಗಳ ಪ್ರಶ್ನೆಯೂ ಅದೇ. ಹಾಗಾಗಿ ಅಲ್ಲಿಂದಲೇ ಹೇಳಿ. ಲೀಗ್ ಎಂದರೆ ಪ್ರತಿ ತಂಡವೂ ಉಳಿದ ಎಲ್ಲರ ಜೊತೆ ಆಡಬೇಕು. ಸಾಮಾನ್ಯವಾಗಿ ಒಮ್ಮೆ ತನ್ನ ಊರಲ್ಲಿ, ಒಮ್ಮೆ ಅವರ ಊರಲ್ಲಿ. ಗೆದ್ದರೆ 3 ಅಂಕ, ಡ್ರಾ ಆದರೆ 1. ಹಳೆಯ ಐ-ಲೀಗ್‌ನಲ್ಲಿ ಅಂಕಪಟ್ಟಿಯ ಮೇಲ್ತುದಿಯಲ್ಲಿ ಉಳಿದವರೇ ಚಾಂಪಿಯನ್, ಫೈನಲ್ ಇರಲಿಲ್ಲ. ಐಎಸ್‌ಎಲ್‌ನಲ್ಲಿ 2024–25ರವರೆಗೆ ಪಟ್ಟಿ ಮುಗಿದ ಮೇಲೆ ಮೇಲಿನ ತಂಡಗಳ ನಡುವೆ ಪ್ಲೇಆಫ್ (ಸೋತವರು ಹೊರಗೆ), ಆಮೇಲೆ ಫೈನಲ್ ಇತ್ತು. ಫೈನಲ್ ಗೆದ್ದವರಿಗೆ ಕಪ್. ಪಟ್ಟಿಯಲ್ಲಿ ಮೊದಲು ಬಂದವರಿಗೆ ಶೀಲ್ಡ್ ಕೊಡಲು ಶುರು ಮಾಡಿದ್ದು 2019–20ರಲ್ಲಿ. ಮೊದಲ ಶೀಲ್ಡ್ ಹೋದದ್ದು ಎಫ್‌ಸಿ ಗೋವಾಗೆ. ನಮ್ಮ ಆ 40 ಅಂಕಕ್ಕೆ ಶೀಲ್ಡೂ ಇರಲಿಲ್ಲ. ನನಗೆ ಇವತ್ತಿಗೂ ಅದು ನೋವೇ.

ಫೈನಲ್ ಇಲ್ಲದಿದ್ದರೆ ರೋಚಕ ಇರಲ್ಲ ಅಂತ ಯಾರಾದರೂ ಹೇಳಿದರೆ 2015ರ ಮೇ 31ರ ಕಥೆ ಹೇಳಿ. ಆ ಸೀಸನ್‌ನ ಐ-ಲೀಗ್‌ನ ಕೊನೆಯ ಪಂದ್ಯ, ಕಂಠೀರವದಲ್ಲಿ ಬೆಂಗಳೂರು ಮತ್ತು ಕೋಲ್ಕತ್ತದ ಮೋಹನ್ ಬಾಗಾನ್. ನಾವು ಗೆಲ್ಲಲೇಬೇಕು, ಅವರಿಗೆ ಡ್ರಾ ಸಾಕು. ಜಾನ್ ಜಾನ್ಸನ್ ಗೋಲಿನಿಂದ ನಾವು ಮುಂದಿದ್ದೆವು. ಮಳೆ ಸುರಿದಿತ್ತು. 87ನೇ ನಿಮಿಷದಲ್ಲಿ ಬಾಗಾನ್‌ನ ಬೆಲ್ಲೊ ರಝಾಕ್ ಹೆಡರ್ ಹೊಡೆದ. 1–1. ಟ್ರೋಫಿ ಕೋಲ್ಕತ್ತಕ್ಕೆ ಹೋಯಿತು. ಅದು ಫೈನಲ್ ಅಲ್ಲ, ವೇಳಾಪಟ್ಟಿಯೇ ಹಾಗೆ ಕೂಡಿ ಬಂದಿತ್ತು.

ಮೈಸೂರಿನಿಂದ, ನಿವೃತ್ತರು

ಐಎಸ್‌ಎಲ್ ಹುಟ್ಟಿದ 2014ರಿಂದ ಶುರು ಮಾಡಿದರೆ ನಮ್ಮ ಬೆಂಗಳೂರಿನ ಪಾಲು ಅರ್ಧ ಮರೆಯಾಗುತ್ತದೆ. ಸ್ವಲ್ಪ ಹಿಂದೆ ಹೋಗಿ.

1996ರವರೆಗೆ ದೇಶಕ್ಕೆಲ್ಲ ಒಂದು ಲೀಗ್ ಎಂಬುದೇ ಇರಲಿಲ್ಲ. ಕೋಲ್ಕತ್ತ, ಗೋವಾಗಳಲ್ಲಿ ಅವರವರ ಲೀಗ್. ಉಳಿದಂತೆ ಟೂರ್ನಿಗಳು: 1888ರಲ್ಲಿ ಶುರುವಾದ ಡ್ಯುರಾಂಡ್, ರೋವರ್ಸ್, 1977ರಿಂದ ಫೆಡರೇಷನ್ ಕಪ್. ಆ ಮೊದಲ ಫೆಡರೇಷನ್ ಕಪ್ ಗೆದ್ದವರು ಯಾರು ಗೊತ್ತೇ? ನಮ್ಮ ಬೆಂಗಳೂರಿನ ಐಟಿಐ. ಟೆಲಿಫೋನ್ ಕಾರ್ಖಾನೆಯ ತಂಡ ಫೈನಲ್‌ನಲ್ಲಿ ಮೋಹನ್ ಬಾಗಾನ್‌ನ್ನೇ ಸೋಲಿಸಿತು. ಇದನ್ನು ಮಗಳಿಗೆ ಖಂಡಿತ ಹೇಳಿ.

1996ರ ಡಿಸೆಂಬರ್‌ನಲ್ಲಿ ನ್ಯಾಷನಲ್ ಫುಟ್‌ಬಾಲ್ ಲೀಗ್ ಬಂತು. ಮೊದಲ ಚಾಂಪಿಯನ್ ಪಂಜಾಬಿನ ಜೆಸಿಟಿ. ಅವರ ಪರ ಗೋಲು ಹೊಡೆಯುತ್ತಿದ್ದವನು ಬೈಚುಂಗ್ ಭುಟಿಯಾ. 11 ವರ್ಷ ನಡೆದ ಆ ಲೀಗ್‌ನಲ್ಲಿ ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ತಲಾ ಮೂರು ಸಲ, ಗೋವಾದ ಡೆಂಪೊ ಎರಡು ಸಲ ಗೆದ್ದವು. 2007ರಲ್ಲಿ ಅದೇ ಐ-ಲೀಗ್ ಆಯಿತು. ಮೊದಲ ವರ್ಷ 10 ತಂಡ, ಗೆದ್ದದ್ದು ಮತ್ತೆ ಡೆಂಪೊ. ನಮ್ಮ ಎಚ್‌ಎಎಲ್ ತಂಡ ಕೂಡ ಐ-ಲೀಗ್‌ನಲ್ಲಿತ್ತು, 2011–12ರಲ್ಲಿ ಕೆಳಗಿನ ದರ್ಜೆಗೆ ಇಳಿಯಿತು. ಮರುವರ್ಷ ಅಲ್ಲಿ ಬೆಂಗಳೂರಿನ ತಂಡವೇ ಇರಲಿಲ್ಲ. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು. ಆಡಿದ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಆಗ ತಂಡ ಆಡುತ್ತಿದ್ದ ಅಶೋಕನಗರದ ಸಣ್ಣ ಕ್ರೀಡಾಂಗಣದ ಪಶ್ಚಿಮ ಕಡೆ ಕೂತು ಕೂಗುತ್ತಿದ್ದ ಹುಡುಗರಿಂದಲೇ ಅದರ ಅಭಿಮಾನಿ ಬಳಗಕ್ಕೆ ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಹೆಸರು ಬಂದದ್ದು.

ಮಂಗಳೂರಿನಿಂದ

ಮಕ್ಕಳಿಗೆ ಐಜ್ವಾಲ್ ಕಥೆ ಹೇಳಿ, ಸಾಕು. ಮಿಜೋರಾಂನ ಪುಟ್ಟ ಕ್ಲಬ್. 2015–16ರಲ್ಲಿ ಐ-ಲೀಗ್‌ನಿಂದ ಕೆಳಗಿಳಿಯಿತು. ಗೋವಾ ಕ್ಲಬ್‌ಗಳು ಹಿಂದೆ ಸರಿದದ್ದರಿಂದ ಮತ್ತೆ ಜಾಗ ಸಿಕ್ಕಿತು. ಖಾಲಿದ್ ಜಮೀಲ್ ಕೋಚ್ ಆಗಿ ಬಂದರು, ಮರುವರ್ಷವೇ ಚಾಂಪಿಯನ್! ನನ್ನ ಮಗಳು ಆಗ ಭೂಪಟ ತೆಗೆದು ಐಜ್ವಾಲ್ ಹುಡುಕಿದಳು.

ಕೋಲ್ಕತ್ತದಲ್ಲಿರುವ ಕನ್ನಡಿಗ

ಎರಡು ಲೀಗ್ ಯಾಕೆ ಎಂಬ ಗೊಂದಲ ಬಿಡಿಸುತ್ತೇನೆ. 2010ರಲ್ಲಿ ಫುಟ್‌ಬಾಲ್ ಫೆಡರೇಷನ್ ತನ್ನ ವಾಣಿಜ್ಯ ಹಕ್ಕುಗಳನ್ನು (ಪ್ರಸಾರ, ಪ್ರಾಯೋಜಕತ್ವ) 15 ವರ್ಷಕ್ಕೆ ಬಿಟ್ಟುಕೊಟ್ಟಿತು. ಅದರಿಂದ 2014ರಲ್ಲಿ ಹುಟ್ಟಿದ್ದು ಐಎಸ್‌ಎಲ್. ಎಂಟು ಹೊಸ ತಂಡ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಹೆಸರಾಂತ ಹಳೆಯ ವಿದೇಶಿ ಆಟಗಾರರು. ಆಗ ಮೈದಾನದಲ್ಲಿ ಒಂದು ತಂಡದ ಆರು ಜನ ವಿದೇಶಿಯರು ಇರಬಹುದಿತ್ತು. 2017ರಲ್ಲಿ ಅದು ಐದಾಯಿತು, 2021ರಲ್ಲಿ ನಾಲ್ಕು. ನಮ್ಮ ಹುಡುಗರಿಗೆ ಜಾಗ ಸಿಗಲು ಈ ಬದಲಾವಣೆ ಬಹಳ ಬೇಕಿತ್ತು.

ಐ-ಲೀಗ್ ಪಕ್ಕದಲ್ಲೇ ನಡೆಯುತ್ತಿತ್ತು. 2019ರಲ್ಲಿ ಐಎಸ್‌ಎಲ್ ಮೊದಲ ದರ್ಜೆ ಎಂದು ತೀರ್ಮಾನವಾಯಿತು, ಐ-ಲೀಗ್ ಎರಡನೆಯದಾಯಿತು. ಐ-ಲೀಗ್ ಗೆದ್ದು ಮೇಲೇರಿದ ಮೊದಲ ತಂಡ ಪಂಜಾಬ್, 2023ರಲ್ಲಿ. ಮರುವರ್ಷ ಕೋಲ್ಕತ್ತದ ಹಳೆಯ ಕ್ಲಬ್ ಮೊಹಮ್ಮಡನ್ ಸ್ಪೋರ್ಟಿಂಗ್ ಬಂತು. ಆ ದಿನ ಇಲ್ಲಿನ ಹಿರಿಯರ ಕಣ್ಣಲ್ಲಿ ನೀರು ನೋಡಿದ್ದೇನೆ.

ಮಗಳಿಗೆ ಇನ್ನೊಂದು ವಿಷಯವನ್ನೂ ಮುಚ್ಚಿಡಬೇಡಿ. ಆ 15 ವರ್ಷದ ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯುವುದಿತ್ತು. ಮುಂದೇನು ಎಂದು ಯಾರಿಗೂ ಗೊತ್ತಿಲ್ಲದೆ ಜುಲೈನಲ್ಲೇ ಹೊಸ ಸೀಸನ್ ತಡೆಹಿಡಿದರು. ಆಟಗಾರರು ತಿಂಗಳುಗಟ್ಟಲೆ ಕಾದರು. ಕೊನೆಗೆ 2026ರ ಫೆಬ್ರವರಿಯಲ್ಲಿ 14 ತಂಡಗಳೊಂದಿಗೆ ಶುರುವಾಯಿತು. ಪ್ರತಿ ಎದುರಾಳಿಯ ಜೊತೆ ಒಂದೇ ಸಲ ಆಟ, ಒಟ್ಟು 91 ಪಂದ್ಯ. ಲೀಗ್ ಅಂದರೆ ವರ್ಷವರ್ಷವೂ ತಪ್ಪದೆ ನಡೆಯುತ್ತೆ ಎಂಬ ನಂಬಿಕೆ. ಅದು ಅಲುಗಾಡಿದ್ದು ನನಗೆ ಯಾವ ಸೋಲಿಗಿಂತಲೂ ಜಾಸ್ತಿ ಬೇಜಾರು.

ಹುಬ್ಬಳ್ಳಿಯಿಂದ, ಶಿಕ್ಷಕಿ

ಕೈಯಲ್ಲಿ ಮಾಡಿಸಿ. ಹಳೆಯ ಕ್ಯಾಲೆಂಡರ್ ಹಿಂಬದಿಯಲ್ಲಿ ಪಟ್ಟಿ ಬರೆಸಿ: ಆಡಿದ್ದು, ಗೆದ್ದದ್ದು, ಡ್ರಾ, ಸೋತದ್ದು, ಅಂಕ. ಪ್ರತಿ ವಾರ ಅವಳೇ ಕೂಡಲಿ. ನನ್ನ ತರಗತಿಯ ಮಕ್ಕಳು ಮೂರು ವಾರದಲ್ಲಿ ಪೂರ್ತಿ ಹಿಡಿದುಬಿಟ್ಟರು. ಅಂಕ ಸಮ ಬಂದರೆ? 2018–19ರ ಐಎಸ್‌ಎಲ್‌ನಲ್ಲಿ ಬೆಂಗಳೂರು, ಗೋವಾ ಎರಡಕ್ಕೂ 34 ಅಂಕ. ಇಬ್ಬರೂ ಪರಸ್ಪರ ಆಡಿದ ಪಂದ್ಯಗಳಲ್ಲಿ ಮೇಲುಗೈ ಬೆಂಗಳೂರಿನದು, ಅದಕ್ಕೇ ಮೊದಲ ಸ್ಥಾನ. ಫೈನಲ್‌ನಲ್ಲೂ ಅದೇ ಎರಡು ತಂಡ. ಹೆಚ್ಚುವರಿ ಸಮಯದಲ್ಲಿ, 117ನೇ ನಿಮಿಷಕ್ಕೆ, ನಮ್ಮ ರಾಹುಲ್ ಭೆಕೆ ಹೆಡರ್, 1–0. ಆ ವರ್ಷ ಪಟ್ಟಿಯೂ ನಮ್ಮದು, ಕಪ್ಪೂ ನಮ್ಮದು.

ಕೇಳಿದವರು

ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ನಿನ್ನೆ ರಾತ್ರಿ ಎಲ್ಲವನ್ನೂ ಅವಳಿಗೆ ಓದಿ ಹೇಳಿದೆ. ಕ್ಯಾಲೆಂಡರ್ ಗೋಡೆಯಿಂದ ಇಳಿದಿದೆ. 14 ಗೆರೆ ಎಳೆದಿದ್ದಾಳೆ. ಒಂದು ಕೊನೆಯ ಪ್ರಶ್ನೆ: ಕಂಠೀರವಕ್ಕೆ ಕರೆದುಕೊಂಡು ಹೋದರೆ ಎಲ್ಲಿ ಕೂರಿಸಲಿ?

ಬೆಂಗಳೂರಿನಿಂದ

ಮೊದಲ ಸಲ ಅಭಿಮಾನಿಗಳು ಹಾಡುವ ವೆಸ್ಟ್ ಬ್ಲಾಕ್ ಬೇಡ. ಅಲ್ಲಿ 90 ನಿಮಿಷವೂ ನಿಂತೇ ಇರುತ್ತಾರೆ, ಅವಳಿಗೆ ಮೈದಾನ ಕಾಣಲ್ಲ. ಎದುರು ಬದಿಯಲ್ಲಿ, ಸ್ವಲ್ಪ ಎತ್ತರದಲ್ಲಿ ಕೂರಿಸಿ. ಓಟದ ಟ್ರ್ಯಾಕ್ ಇರುವುದರಿಂದ ಕೆಳಗಿನ ಸಾಲಿಂದ ಮೈದಾನ ದೂರ ಅನಿಸುತ್ತೆ. ಮೇಲಿಂದ ಆಟವೂ ಕಾಣುತ್ತೆ, ಹಾಡುವವರೂ ಕಾಣುತ್ತಾರೆ. ಪಟ್ಟಿ ಬರೆದ ಹಾಳೆಯನ್ನು ಮಡಚಿ ತರಲಿಕ್ಕೆ ಹೇಳಿ.