‘ಮರುಹಂಚಿಕೆ’ ಎಲ್ಲ ಕಡೆಗೂ ಹೊಂದುತ್ತದೆಯೇ?

ತೆರಿಗೆ, ಭತ್ಯೆಗಳಂಥ ಕ್ರಮಗಳಿಂದ ಉಳ್ಳವರ ಹಣ, ಆಸ್ತಿಯನ್ನು ಇಲ್ಲದವರಿಗೆ ತಲುಪಿಸುವುದಕ್ಕೆ ಆರ್ಥಿಕ ಅಸಮಾನತೆಯ ಕುರಿತ ಬರಹಗಳಲ್ಲಿ ‘ಮರುಹಂಚಿಕೆ’ ಎಂಬ ಪದ ಈಗ ನೆಲೆಯೂರಿದೆ. ‘ಪುನರ್ವಿತರಣೆ’ಗಿಂತ ನನಗೂ ಇದೇ ಇಷ್ಟ. ಆದರೆ ಇದರ ಬಳಕೆಯ ಬಗ್ಗೆ ಒಂದು ಸಂದೇಹವಿದೆ, ಬಲ್ಲವರು ಬಗೆಹರಿಸಬೇಕು.

‘ಹಂಚು’ ಎಂದೊಡನೆ ಹಂಚುವವರು ಯಾರು ಎಂಬ ಪ್ರಶ್ನೆ ಏಳುತ್ತದೆ. ‘ಮರು’ ಸೇರಿದರೆ, ಮೊದಲೊಮ್ಮೆ ಯಾರೋ ಹಂಚಿದ್ದರು, ಈಗ ಅದನ್ನು ಕಸಿದು ಇನ್ನೊಮ್ಮೆ ಹಂಚುತ್ತಾರೆ ಎಂಬ ಧ್ವನಿ ಬರುತ್ತದೆ. ಜಗಳ ಇರುವುದೇ ಇಲ್ಲಿ. 1974ರಲ್ಲಿ ಅಮೆರಿಕದ ತತ್ತ್ವಜ್ಞಾನಿ ರಾಬರ್ಟ್ ನೋಜಿಕ್ ಎತ್ತಿದ ಆಕ್ಷೇಪವೂ ಇದೇ: ಸಂಪತ್ತನ್ನು ಯಾರೂ ಒಂದೆಡೆ ಕೂತು ಹಂಚಿಲ್ಲ, ಅದು ದುಡಿಮೆ, ವಿನಿಮಯ, ಕೊಡುಗೆಗಳ ಮೂಲಕ ಕೈಯಿಂದ ಕೈಗೆ ಬಂದದ್ದು. ಒಡೆತನ, ಉತ್ತರಾಧಿಕಾರ, ಕಂಪನಿಗಳ ಕಾನೂನನ್ನೆಲ್ಲ ಸಮಾಜವೇ ಕಟ್ಟಿರುವಾಗ ಮೊದಲ ಹಂಚಿಕೆ ತಾನಾಗಿ ಆಯಿತು ಎನ್ನುವುದು ಹೇಗೆ ಎಂಬುದು ಎದುರು ವಾದ. ನಾನು ಈ ಎರಡನೆಯ ವಾದವನ್ನೇ ಒಪ್ಪುವವನು. ಆದರೂ ವಾದ ಮುಗಿಯುವ ಮೊದಲೇ ಪದ ತೀರ್ಪು ಕೊಡಬಾರದಲ್ಲ.

ಹೆಸರು ಬದಲಾದರೆ ಒತ್ತು ಎಲ್ಲಿಗೆ ಸರಿಯುತ್ತದೆ ನೋಡಿ. ಪಶ್ಚಿಮ ಜರ್ಮನಿ 1952ರಲ್ಲಿ ಒಂದು ಕಾನೂನು ತಂದಿತು. ಯುದ್ಧದ ನಂತರವೂ ಆಸ್ತಿ ಉಳಿಸಿಕೊಂಡವರು, 1948ರ ಜೂನ್‌ನಲ್ಲಿ ತಮ್ಮ ಬಳಿ ಇದ್ದ ಆಸ್ತಿಯ ಮೌಲ್ಯದಲ್ಲಿ ವಿನಾಯಿತಿ ಕಳೆದು ಅರ್ಧದಷ್ಟನ್ನು ಸುಮಾರು 30 ವರ್ಷಗಳ ಕಂತುಗಳಲ್ಲಿ ಕಟ್ಟಬೇಕಿತ್ತು. ಆ ಹಣ ಬಾಂಬ್ ದಾಳಿಯಲ್ಲಿ ಮನೆ ಕಳೆದುಕೊಂಡವರಿಗೆ, ಪೂರ್ವದ ಪ್ರದೇಶಗಳಿಂದ ಹೊರದೂಡಲ್ಪಟ್ಟು ಬಂದವರಿಗೆ ಸಂದಿತು. ಇದಕ್ಕಿಂತ ನೇರವಾದ ಮರುಹಂಚಿಕೆ ಬೇಕೆ? ಆದರೆ ಜರ್ಮನ್ನರು ಅದಕ್ಕಿಟ್ಟ ಹೆಸರಿನ ಅರ್ಥ ‘ಹೊರೆಯ ಸರಿದೂಗಿಕೆ’. ಉಳ್ಳವರಿಂದ ಎಷ್ಟು ತೆಗೆಯಬೇಕು ಎಂಬುದಕ್ಕಿಂತ, ಎಲ್ಲರ ಮೇಲೂ ಬಿದ್ದ ನಷ್ಟವನ್ನು ಕೆಲವರೇ ಏಕೆ ಹೊರಬೇಕು ಎಂಬ ಪ್ರಶ್ನೆ ಮುಂದೆ ಬಂತು.

ಇನ್ನು ‘ವರಮಾನ’ ಮತ್ತು ‘ಸಂಪತ್ತು’ಗಳನ್ನು ಪತ್ರಿಕೆಗಳು ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕುತ್ತಿವೆ. ವರಮಾನ ಕಾಲಕಾಲಕ್ಕೆ ಬರುವ ಗಳಿಕೆ, ಸಂಪತ್ತು ಈಗಾಗಲೇ ಕೈಯಲ್ಲಿರುವ ಆಸ್ತಿ. ಇದು ಸಣ್ಣ ತಪ್ಪಲ್ಲ. ಸ್ವೀಡನ್‌ನಲ್ಲಿ ವರಮಾನದ ಅಂತರ ಕಡಿಮೆ, ಸಂಪತ್ತಿನ ಅಂತರ ಬಹಳ ಹೆಚ್ಚು. 2007ರಲ್ಲಿ ಅಲ್ಲಿ ಸಂಪತ್ತಿನ ತೆರಿಗೆಯನ್ನೇ ರದ್ದು ಮಾಡಿದರು. ಎರಡನ್ನೂ ಬೆರೆಸಿ ಬರೆದರೆ ಆ ದೇಶ ಓದುಗರಿಗೆ ಅರ್ಥವೇ ಆಗುವುದಿಲ್ಲ.

‘ಪ್ರಗತಿಪರ ತೆರಿಗೆ’ಯನ್ನಂತೂ ಕೈಬಿಡಬೇಕು. ವರಮಾನ ಏರಿದಂತೆ ದರವೂ ಏರುತ್ತದೆ ಎಂಬಷ್ಟೇ ಅದರ ಅರ್ಥ. ಕನ್ನಡದಲ್ಲಿ ‘ಪ್ರಗತಿಪರ’ ಒಂದು ರಾಜಕೀಯ ನಿಲುವು. ‘ಏರುದರದ ತೆರಿಗೆ’ ಸಾಕು.

ನನ್ನ ಸಲಹೆ ಹೀಗಿದೆ: ತೆರಿಗೆ, ಪಿಂಚಣಿ, ಭತ್ಯೆಗಳ ಮೂಲಕ ವರ್ಷ ವರ್ಷವೂ ನಡೆಯುವುದಕ್ಕೆ ‘ಸರಿದೂಗಿಕೆ’, ಆಸ್ತಿಯ ಒಡೆತನವೇ ಕೈ ಬದಲಾಗುವಾಗ ‘ಮರುಹಂಚಿಕೆ’. ‘ಪಾಲು’ ಕೂಡ ಮನಸ್ಸಿಗೆ ಬಂತು. ಪಾಲನ್ನು ಯಾರೂ ಬೇಡುವುದಿಲ್ಲ, ಕೇಳುತ್ತಾರೆ. ಹಕ್ಕಿನ ಬಲ ಅದರಲ್ಲಿದೆ. ಆದರೆ ‘ಪಾಲುಗಾರಿಕೆ’ ವ್ಯವಹಾರದವರ ಮಾತಾಗಿಬಿಟ್ಟಿದೆ. ‘ಪಾಲು’ವಿನಿಂದ ಬೇರೆ ಪದ ಕಟ್ಟಲು ಬರುತ್ತದೆಯೇ? ‘ಸರಿದೂಗಿಕೆ’ಯನ್ನು ಈ ಅರ್ಥದಲ್ಲಿ ಯಾರಾದರೂ ಮೊದಲೇ ಬಳಸಿದ್ದನ್ನು ಕಂಡಿದ್ದರೆ ಅದನ್ನೂ ತಿಳಿಸಿ.