ಜುಲೈಯಿಂದ ಮಾರ್ಚ್‌ವರೆಗೆ 2 ನಾಟಕ, 4 ಓದು: ಯಾವುದು ಯಾವಾಗ, ಹೇಗೆ?

ತೋಟದಾಚೆ
ನಮ್ಮದು ಶಿವಮೊಗ್ಗ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಹವ್ಯಾಸಿ ತಂಡ. 18 ಜನ. ಅರ್ಧದಷ್ಟು ಅಡಿಕೆ ತೋಟದವರು, ಉಳಿದವರು ಶಿಕ್ಷಕರು, ಬ್ಯಾಂಕಿನವರು. ಈ ಸಲ 2 ಪೂರ್ಣ ನಾಟಕ, 4 ನಾಟಕದ ಓದು (ಪ್ರತಿ ಹಿಡಿದು ಜನರೆದುರು ಓದುವುದು) ಅಂತ ತೀರ್ಮಾನವಾಗಿದೆ. ಸಿಗುವುದು ಸಮುದಾಯ ಭವನ: 250 ಕುರ್ಚಿ, 24 ಅಡಿ ಅಗಲ 18 ಅಡಿ ಆಳದ ರಂಗ, ಶೀಟಿನ ಮಾಡು. ಕೈಯಲ್ಲಿರುವುದು ಒಂದೂವರೆ ಲಕ್ಷ. ಯಾವ ತಿಂಗಳಿಗೆ ಏನಿಟ್ಟುಕೊಳ್ಳಬೇಕು? ಓದು ಅಂದರೆ ಜನ ಆಕಳಿಸುತ್ತಾರೆ, ಅದಕ್ಕೇನು ಮಾಡಬೇಕು? ನಾಟಕಕಾರರ ಅನುಮತಿ, ಬೆಳಕು, ಇವುಗಳ ಬಗ್ಗೆಯೂ ತಿಳಿದವರು ಹೇಳಿ.

ಅಂಕದಪರದೆ
ಮೊದಲು ಪಂಚಾಂಗ ಬಿಚ್ಚಿ, ನಾಟಕದ ಪುಸ್ತಕ ಆಮೇಲೆ.

ಆಷಾಢದಲ್ಲಿ ಮದುವೆಗಳಿಲ್ಲ, ಭವನ ಸುಲಭವಾಗಿ ಸಿಗುತ್ತದೆ. ಆ ಆಸೆಗೆ ಬೀಳಬೇಡಿ. ಮಲೆನಾಡಿನ ಮಳೆ ಶೀಟಿನ ಮೇಲೆ ಬಿದ್ದರೆ ಎರಡನೇ ಸಾಲಿಗೂ ಮಾತು ತಲುಪುವುದಿಲ್ಲ. ಮೈಕಿನ ದನಿ ಏರಿಸಿದರೆ ಮಳೆಯ ಸದ್ದೂ ಅದರೊಳಗೇ ಏರುತ್ತದೆ. ಜುಲೈ, ಆಗಸ್ಟಿನಲ್ಲಿ ಎರಡು ಓದು ಇಟ್ಟುಕೊಳ್ಳಿ, ಆದರೆ ತಾರಸಿ ಇರುವ ಶಾಲೆಯ ಕೋಣೆಯಲ್ಲೋ ಗ್ರಂಥಾಲಯದಲ್ಲೋ, 60 ಕುರ್ಚಿ ಹಾಕಿ. ಗಣೇಶನ ಹಬ್ಬದ ಸುತ್ತಮುತ್ತ ಬೀದಿಯ ಆರ್ಕೆಸ್ಟ್ರಾ ಎದುರು ಏನೂ ನಿಲ್ಲುವುದಿಲ್ಲ, ಬಿಟ್ಟುಬಿಡಿ. ದಸರಾ ಮುಗಿದ ಮೇಲೆ ಮೂರನೇ ಓದು.

ಪೂರ್ಣ ನಾಟಕಕ್ಕೆ ಧನುರ್ಮಾಸ ಒಳ್ಳೆಯದು. ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗೆ ಮದುವೆ ಇಲ್ಲ, ಭವನ ಖಾಲಿ, ಬಾಡಿಗೆಯಲ್ಲೂ ಚೌಕಾಸಿಗೆ ಜಾಗವಿದೆ. ಆದರೆ ಅದೇ ಹೊತ್ತಿಗೆ ಕೊಯ್ಲು. ಕೊಯ್ದ ಅಡಿಕೆಯನ್ನು ಸುಲಿದು ಬೇಯಿಸದೆ ಬಿಡುವ ಹಾಗಿಲ್ಲ, ತೋಟದವರನ್ನು ಸಂಜೆ ಏಳಕ್ಕೆ ತಾಲೀಮಿಗೆ ಕರೆದರೆ ಅವರು ಬರಲಾರರು. ಆದ್ದರಿಂದ ಡಿಸೆಂಬರಿಗೆ ಶಿಕ್ಷಕರು, ಬ್ಯಾಂಕಿನವರು ನಿಭಾಯಿಸಬಹುದಾದ ಐದಾರು ಪಾತ್ರದ ನಾಟಕ. ದೊಡ್ಡ ಪಾತ್ರವರ್ಗದ್ದು ಫೆಬ್ರವರಿ ಕೊನೆಗೆ. ಅದು ಮಾರ್ಚಿಗೆ ಜಾರಿದರೆ ಮಕ್ಕಳ ಪರೀಕ್ಷೆ, ಮನೆಮಂದಿಯೆಲ್ಲ ಮನೆಯಲ್ಲೇ. ನಾಲ್ಕನೇ ಓದನ್ನು ಮಾರ್ಚ್ 27ರ ವಿಶ್ವ ರಂಗಭೂಮಿ ದಿನಕ್ಕೆ ಇಡಿ.

ಒಂದೂವರೆ ತಾಸಿನ ನಾಟಕಕ್ಕೆ ದಿನಕ್ಕೆ 2 ತಾಸಿನಂತೆ 40 ದಿನ ತಾಲೀಮು ಬೇಕು. ಇಪ್ಪತ್ತನೇ ದಿನದಿಂದಾಚೆ ಯಾರ ಕೈಯಲ್ಲೂ ಪುಸ್ತಕ ಇರಬಾರದು. ಭವನವನ್ನು ಒಂದು ದಿನಕ್ಕಲ್ಲ, ಮೂರು ದಿನಕ್ಕೆ ಗೊತ್ತುಮಾಡಿ: ರಂಗಸಜ್ಜಿಕೆ ಮತ್ತು ದೀಪ ಕಟ್ಟಲು ಒಂದು, ಪೂರ್ಣ ತಾಲೀಮಿಗೆ ಒಂದು, ಪ್ರದರ್ಶನಕ್ಕೆ ಒಂದು. ಹವ್ಯಾಸಿ ನಾಟಕಗಳು ಹೆಚ್ಚಾಗಿ ಕೆಡುವುದು ಇಲ್ಲೇ. ಮಧ್ಯಾಹ್ನ ದೀಪ ಕಟ್ಟಿ ಸಂಜೆ ಪರದೆ ಎತ್ತಿದರೆ ನಟ ನಿಂತ ಜಾಗದಲ್ಲಿ ಕತ್ತಲು, ಖಾಲಿ ಜಾಗದಲ್ಲಿ ಬೆಳಕು.

ಎರಡು ನಾಟಕ ಭಾರವೆನಿಸಿದರೆ ಒಂದನ್ನು ಬಿಟ್ಟು ಹೊರಗಿನ ತಂಡವನ್ನು ಕರೆಸಿ. ಹೆಗ್ಗೋಡು ನಿಮ್ಮ ಜಿಲ್ಲೆಯಲ್ಲೇ ಇದೆ, ಅಲ್ಲಿನ ನೀನಾಸಂ ಸಂಸ್ಥೆಯ ಸಂಚಾರಿ ನಾಟಕ ತಂಡ ‘ತಿರುಗಾಟ’ 1985ರಿಂದ ಊರೂರಿಗೆ ಹೋಗುತ್ತಿದೆ. ಸಾಣೇಹಳ್ಳಿಯ ‘ಶಿವಸಂಚಾರ’ ಎಂಬ ಸಂಚಾರಿ ತಂಡವೂ ಇದೆ. ಹಣ, ರಂಗ, ಊಟ, ವಸತಿ ಏನೇನು ನಿಮ್ಮ ಪಾಲಿಗೆ ಎಂಬುದನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.

ಸೂತ್ರಧಾರ್ತಿ
ಓದಿನ ಬಗ್ಗೆ ಹೇಳುತ್ತೇನೆ. ಓದು ಎಂದರೆ ತಾಲೀಮು ಇಲ್ಲದ ನಾಟಕ ಎಂದುಕೊಂಡರೆ ಜನ ಆಕಳಿಸುವುದು ಸಹಜ. ಎರಡೆರಡು ತಾಸಿನ ಮೂರು ತಾಲೀಮು ಕನಿಷ್ಠ ಬೇಕು. ಮೊದಲನೆಯದು ಕೂತು ಓದಿ, ಗಡಿಯಾರ ಹಿಡಿದು, ಕತ್ತರಿಸುವುದಕ್ಕೆ. ಕೇಳುವವರ ಕಿವಿ 70 ನಿಮಿಷಕ್ಕಿಂತ ಹೆಚ್ಚು ತಾಳುವುದಿಲ್ಲ. ಎರಡನೆಯದು ನಿಂತು, ಯಾರು ಎಲ್ಲಿ ಎಂದು ಗೊತ್ತುಮಾಡಲು. ಮೂರನೆಯದು ಅದೇ ಕೋಣೆಯಲ್ಲಿ, ಅದೇ ದೀಪ, ಮೈಕ್ ಇದ್ದರೆ ಅದೇ ಮೈಕಿನೊಂದಿಗೆ.

ರಂಗಸೂಚನೆಗಳನ್ನು ಒಬ್ಬರೇ ಓದಬೇಕು, ಮೂರರಲ್ಲಿ ಎರಡು ಪಾಲು ಹೊಡೆದುಹಾಕಿ. ‘ಕೋಪದಿಂದ’, ‘ನಗುತ್ತ’ ಇವನ್ನೆಲ್ಲ ದನಿಯೇ ಹೇಳುತ್ತದೆ. ಉಳಿಯಬೇಕಾದದ್ದು ಕಣ್ಣಿಗೆ ಕಾಣದ ಕ್ರಿಯೆ ಮಾತ್ರ: ಬಾಗಿಲು ತೆರೆಯಿತು, ಕಾಗದ ಸುಟ್ಟ, ಅವಳು ಹೊರಟುಹೋದಳು. ನಾಲ್ಕು ಪಾತ್ರಕ್ಕಿಂತ ಹೆಚ್ಚು ಒಟ್ಟಿಗೆ ಮಾತಾಡುವ ದೃಶ್ಯದಲ್ಲಿ ಕೇಳುಗ ದಾರಿ ತಪ್ಪುತ್ತಾನೆ. ದನಿಯ ಬಣ್ಣ ಬೇರೆ ಬೇರೆ ಇರುವವರನ್ನು ಆರಿಸಿ, ಪಾತ್ರ ರಂಗದಲ್ಲಿ ಇಲ್ಲದಾಗ ಓದುವವರು ಬೆನ್ನು ತಿರುಗಿಸಿ ಕೂರಲಿ. ಇಷ್ಟರಿಂದಲೇ ಪ್ರವೇಶ, ನಿರ್ಗಮನ ಅರ್ಥವಾಗುತ್ತವೆ.

ಪ್ರತಿಯನ್ನು 16 ಪಾಯಿಂಟ್ ಅಕ್ಷರದಲ್ಲಿ, ಹಾಳೆಯ ಒಂದೇ ಬದಿಗೆ ಮುದ್ರಿಸಿ. ಒಬ್ಬರ ಮಾತು ಎರಡು ಪುಟಕ್ಕೆ ಒಡೆಯಬಾರದು, ಒಡೆದರೆ ಉಸಿರೂ ಅಲ್ಲೇ ಒಡೆಯುತ್ತದೆ. ಪ್ಲಾಸ್ಟಿಕ್ ಹೊದಿಕೆಯ ಫೈಲ್ ಬೇಡ, ದೀಪ ಅದರ ಮೇಲೆ ಹೊಳೆದು ಅಕ್ಷರ ಮಾಯವಾಗುತ್ತದೆ. ಸ್ಟ್ಯಾಂಡ್ ಎದೆಯ ಮಟ್ಟಕ್ಕಿಂತ ಕೆಳಗಿರಲಿ, ಇಲ್ಲವಾದರೆ ಮುಖ ಮುಚ್ಚುತ್ತದೆ. ಮತ್ತೆ, ಫ್ಯಾನು! ಹಾಳೆಗೆ ಕ್ಲಿಪ್ ಹಾಕಿ, ಓದುವವರ ತಲೆಯ ಮೇಲಿನ ಫ್ಯಾನನ್ನು ಆರಿಸಿ. 60 ಜನರ ಕೋಣೆಯಲ್ಲಿ ಮೈಕ್ ಬೇಕಾಗುವುದಿಲ್ಲ, ಫ್ಯಾನಿನ ಸದ್ದು ನಿಂತರೆ ಸಾಕು.

ಕೃತಿಯ ಆಯ್ಕೆಯಲ್ಲಿ ಧೈರ್ಯ ಮಾಡಿ. ರಂಗಕ್ಕೆ ತರಲು ಕಷ್ಟವಾದದ್ದೇ ಓದಿಗೆ ಒದಗುತ್ತದೆ. ಬಿ.ಎಂ.ಶ್ರೀಯವರ ‘ಅಶ್ವತ್ಥಾಮನ್’ (1929) ಹಳಗನ್ನಡದ್ದು. ಗ್ರೀಕ್ ಮಾದರಿಯ ಮೇಳ (ಒಟ್ಟಾಗಿ ನುಡಿಯುವ ಗುಂಪು) ಅದರಲ್ಲಿರುವುದರಿಂದ ಏಳೆಂಟು ದನಿಗಳನ್ನು ಒಟ್ಟಿಗೆ ದುಡಿಸಿಕೊಳ್ಳಬಹುದು. ಮೊದಲು ಐದು ನಿಮಿಷ ಕಥೆ ಹೇಳಿ ಶುರುಮಾಡಿದರೆ ಭಾಷೆ ಅಡ್ಡಬರುವುದಿಲ್ಲ.

ಹಕ್ಕುಪತ್ರ
ನಾಟಕಕಾರ ತೀರಿಕೊಂಡ ವರ್ಷದ ಕೊನೆಯಿಂದ 60 ವರ್ಷ ಕೃತಿಯ ಹಕ್ಕು (ಕಾಪಿರೈಟ್) ಉಳಿಯುತ್ತದೆ. ಸಂಸ (ನಿಧನ 1939), ಕೈಲಾಸಂ (1946), ಬಿ.ಎಂ.ಶ್ರೀ (1946) ಇವರ ನಾಟಕಗಳು ಈಗ ಮುಕ್ತ. ಶ್ರೀರಂಗರದು (1984) 2044ರ ಕೊನೆವರೆಗೆ, ಗಿರೀಶ ಕಾರ್ನಾಡರದು (2019) 2079ರವರೆಗೆ. ಅನುವಾದದಲ್ಲಿ ಎಡವಬೇಡಿ: ಷೇಕ್ಸ್‌ಪಿಯರ್ ಮುಕ್ತ, ಅವನನ್ನು ಕನ್ನಡಕ್ಕೆ ತಂದವರ ಹಕ್ಕು ಬೇರೆ.

1957ರ ಕಾಪಿರೈಟ್ ಕಾಯ್ದೆಯ 52(1)(ಎಲ್) ಪ್ರಕಾರ ಹವ್ಯಾಸಿ ಸಂಘ ಹಣ ಕೊಡದ ಪ್ರೇಕ್ಷಕರೆದುರು ಆಡಿದರೆ ಉಲ್ಲಂಘನೆಯಲ್ಲ. ಟಿಕೆಟ್ ಇಟ್ಟರೆ ಈ ರಿಯಾಯಿತಿ ಇಲ್ಲ. ಪತ್ರ ಬರೆದು ಅನುಮತಿ ಪಡೆಯಿರಿ. ಪತ್ರದಲ್ಲಿ ಎಷ್ಟು ಪ್ರದರ್ಶನ, ಯಾವ ತಾರೀಕು, ಟಿಕೆಟ್ ಎಷ್ಟು, ಏನಾದರೂ ಕತ್ತರಿಸುತ್ತೀರಾ, ವಿಡಿಯೊ ಹಾಕುತ್ತೀರಾ, ಐದೂ ಇರಲಿ. ವಿಡಿಯೊಗೆ ಪ್ರತ್ಯೇಕ ಒಪ್ಪಿಗೆ ಬೇಕು. ಉಚಿತ ಪ್ರದರ್ಶನವಾದರೂ ಬರೆದವರಿಗೆ ತಿಳಿಸುವುದು ಮರ್ಯಾದೆ.

ತೋಟದಾಚೆ
ತುಂಬಾ ಉಪಕಾರವಾಯಿತು. ಟಿಕೆಟ್ ಬದಲು 100 ರೂಪಾಯಿ ‘ದೇಣಿಗೆ ಪಾಸ್’ ಮಾಡಿದರೆ?

ಹಕ್ಕುಪತ್ರ
ಕೊಡದವರನ್ನು ಒಳಗೆ ಬಿಡುವುದಿಲ್ಲವಾದರೆ ಅದು ಟಿಕೆಟ್ಟೇ. ಬಾಗಿಲಲ್ಲಿ ಹುಂಡಿ ಇಟ್ಟು, ಹಾಕದವರನ್ನೂ ಬಿಟ್ಟರೆ ಮಾತು ಬೇರೆ. ಅಂದಹಾಗೆ ಒಬ್ಬರಿಗೆ 500 ರೂಪಾಯಿವರೆಗಿನ ನಾಟಕದ ಟಿಕೆಟ್ಟಿಗೆ ಜಿಎಸ್‌ಟಿ ಇಲ್ಲ, ಆ ಚಿಂತೆ ಬೇಡ.

ಹಿನ್ನೆಲೆದೀಪ
ಬೆಳಕು. 24×18 ಅಡಿಯನ್ನು ಆರು ಭಾಗ ಮಾಡಿ: ಮುಂದೆ ಮೂರು, ಹಿಂದೆ ಮೂರು. ಪ್ರತಿ ಭಾಗಕ್ಕೆ ಎಡದಿಂದೊಂದು ಬಲದಿಂದೊಂದು ದೀಪ, ಸುಮಾರು 45 ಡಿಗ್ರಿ ಎತ್ತರದಿಂದ. ಅದಕ್ಕಿಂತ ನೆಟ್ಟಗೆ ಮೇಲಿನಿಂದ ಬಿಟ್ಟರೆ ಕಣ್ಣಿನ ಗುಳಿ ಕಪ್ಪಾಗುತ್ತದೆ, ತೀರ ತಗ್ಗಿಸಿದರೆ ಹಿಂದಿನ ಪರದೆಯ ಮೇಲೆ ನೆರಳು.

ಹಾಗೆಂದರೆ 12 ದೀಪ. 1000 ವ್ಯಾಟಿನ ಹ್ಯಾಲೊಜನ್ ಒಂದು 230 ವೋಲ್ಟಿನಲ್ಲಿ ಸುಮಾರು 4.3 ಆಂಪಿಯರ್ ಎಳೆಯುತ್ತದೆ, ಹನ್ನೆರಡೂ ಉರಿದರೆ 52. ಭವನಕ್ಕೆ ಬರುವ ಮೂರು ವಿದ್ಯುತ್ ಎಳೆಗಳಲ್ಲಿ (ಫೇಸ್) ಒಂದಕ್ಕೇ ಎಲ್ಲ ಜೋಡಿಸಿದರೆ ನಾಟಕದ ಅತ್ಯಂತ ಬೆಳಕಿನ ದೃಶ್ಯದಲ್ಲೇ ಟ್ರಿಪ್ ಆಗುತ್ತದೆ. ಮೂರು ಫೇಸಿಗೆ ನಾಲ್ಕು ನಾಲ್ಕು ಹಂಚಿದರೆ ತಲಾ 17 ಆಂಪಿಯರ್. ಈ ಜೋಡಣೆಯನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನೇ ಮಾಡಬೇಕು, ಎರಡು ಫೇಸ್ ನಡುವೆ ಇರುವುದು 400 ವೋಲ್ಟಿಗೂ ಮೇಲೆ. ಬಾಡಿಗೆಗೆ ಎಲ್‌ಇಡಿ ಸಿಕ್ಕರೆ ಹೊರೆ ಇಳಿಯುತ್ತದೆ, ಆದರೆ ಮುಖಕ್ಕೆ ಬೆಚ್ಚನೆಯ ಬಿಳಿಯದನ್ನೇ ಕೇಳಿ. ತಣ್ಣನೆಯ ಬಿಳುಪು ನಮ್ಮ ಮೈಬಣ್ಣವನ್ನು ಬೂದಿ ಮಾಡುತ್ತದೆ, ಪ್ರಸಾಧನ (ಮೇಕಪ್) ಎಷ್ಟು ಮಾಡಿದರೂ ಸರಿಹೋಗದು. ಬೆಳಕನ್ನು ಏರಿಸಿ ಇಳಿಸುವ ಡಿಮ್ಮರಿನ ವೈರು ಮತ್ತು ಮೈಕಿನ ವೈರು ಜೊತೆಜೊತೆಗೆ ಓಡಬಾರದು, ಗುಂಯ್‌ಗುಟ್ಟುತ್ತದೆ. ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ.

ಹಣದ ಲೆಕ್ಕಕ್ಕೆ: ನಾಟಕಕ್ಕೆ ತಲಾ 55 ಸಾವಿರ, ಓದಿಗೆ ತಲಾ 4 ಸಾವಿರ, ಉಳಿದ 24 ಸಾವಿರವನ್ನು ಫೆಬ್ರವರಿವರೆಗೆ ಮುಟ್ಟಬೇಡಿ. ಫೆಬ್ರವರಿ ನಾಟಕದ ದಿನ ಕರೆಂಟು ಹೋದರೆ ಜನರೇಟರಿಗೆ ಅದೇ ಬೇಕಾಗುತ್ತದೆ.